ಒಮ್ಮೆ ಹಿಡಿದು ಒಮ್ಮೆ ಕೈಕೊಡುವ ಬ್ರೇಕ್: ಪಿಕಪ್ ಗಾಡಿಯಲ್ಲಿ ಕಾರಣ ಹುಡುಕುವುದು ಹೇಗೆ?

ಬ್ರೇಕ್ ಪೂರ್ತಿ ಹೋದರೆ ಕಾರಣ ಹುಡುಕುವುದು ಅಷ್ಟು ಕಷ್ಟ ಅಲ್ಲ. ಎಲ್ಲೋ ಆಯಿಲ್ ಸೋರಿರುತ್ತದೆ, ಪೈಪ್ ಒಡೆದಿರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ತಲೆ ಕೆಡಿಸುವುದು ಇನ್ನೊಂದು ಬಗೆಯ ದೋಷ. ಒಂದು ದಿನ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಇನ್ನೊಮ್ಮೆ ಒತ್ತಿದರೆ ಹಿಡಿಯುತ್ತದೆ. ಆಮೇಲೆ ವಾರಗಟ್ಟಲೆ ಸುದ್ದಿಯೇ ಇಲ್ಲ. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ, "ಎಲ್ಲಾ ಸರಿಯಾಗೇ ಇದೆಯಲ್ಲ" ಅನ್ನುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಆ ಹೊತ್ತಿಗೆ ಅದು ಸರಿಯಾಗೇ ಇರುತ್ತದೆ.

ಇಲ್ಲಿಂದ ಮುಂದೆ ಸಾಮಾನ್ಯವಾಗಿ ಆಗುವುದು ಒಂದೇ. ಪಾರ್ಟ್ಸ್ ಬದಲಿಸುತ್ತಾ ಹೋಗುವುದು. ಮೊದಲು ಪ್ಯಾಡ್, ಆಮೇಲೆ ಶೂ, ಆಮೇಲೆ ಮಾಸ್ಟರ್ ಸಿಲಿಂಡರ್. ಪ್ರತಿ ಸಲವೂ ಸ್ವಲ್ಪ ದಿನ ಚೆನ್ನಾಗಿರುತ್ತದೆ, ಯಾಕೆಂದರೆ ಮೊದಲೂ ಸ್ವಲ್ಪ ದಿನ ಚೆನ್ನಾಗೇ ಇರುತ್ತಿತ್ತು. ಹೊಸ ಪಾರ್ಟ್ ಹಾಕಿದ್ದರಿಂದ ಸರಿಹೋಯಿತು ಅಂದುಕೊಳ್ಳುತ್ತೇವೆ. ಕೊನೆಗೆ ಲೋಡ್ ಹಾಕಿಕೊಂಡು ಇಳಿಜಾರಿನಲ್ಲಿ ಬರುವಾಗ ಮತ್ತೆ ಅದೇ ಕಥೆ.

ಬಂದು ಹೋಗುವ ಬ್ರೇಕ್ ದೋಷ ಮನಸ್ಸಿಗೆ ಬಂದಾಗ ಬರುವಂಥದ್ದಲ್ಲ. ಅದಕ್ಕೆ ಒಂದು ಸಂದರ್ಭ ಬೇಕೇ ಬೇಕು. ಬಿಸಿಯಾಗಿರಬೇಕು, ಅಥವಾ ಭಾರ ಇರಬೇಕು, ಅಥವಾ ಚಕ್ರ ಕುಲುಕಿರಬೇಕು, ಅಥವಾ ಪೆಡಲನ್ನು ಮೆಲ್ಲಗೆ ಒತ್ತಿರಬೇಕು. ಆ ಸಂದರ್ಭ ಯಾವುದು ಅಂತ ಗೊತ್ತಾದರೆ ದೋಷ ಎಲ್ಲಿದೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ. ಸ್ಪ್ಯಾನರ್ ಹಿಡಿಯುವ ಮೊದಲು ಹುಡುಕಬೇಕಾದ್ದು ಅದನ್ನೇ.

ಅದಕ್ಕೂ ಮೊದಲು ಒಂದು ಮಾತು. ಪೆಡಲ್ ಒಮ್ಮೆಯಾದರೂ ನೆಲ ಮುಟ್ಟಿದ್ದರೆ, ಕಾರಣ ಸಿಗುವವರೆಗೆ ಆ ಗಾಡಿಯನ್ನು ಕೆಲಸಕ್ಕೆ ತೆಗೆಯಬೇಡಿ. "ಈಗ ಸರಿಯಾಗಿದೆಯಲ್ಲ" ಅನ್ನುವುದು ಕಾರಣವೇ ಅಲ್ಲ. ಏನೂ ಮಾಡದೆ ಸರಿಹೋದದ್ದು ಏನೂ ಹೇಳದೆ ಮತ್ತೆ ಕೆಡುತ್ತದೆ. ಗ್ಯಾರೇಜಿಗೂ ಓಡಿಸಿಕೊಂಡು ಹೋಗದೆ ಟೋ ಮಾಡಿಸುವುದೇ ಒಳ್ಳೆಯದು.

ಒತ್ತಡ ಹೋಗುವ ದಾರಿ

ಕಾಲಿನಿಂದ ಚಕ್ರದವರೆಗೆ ಏನಾಗುತ್ತದೆ ಅಂತ ಒಂದು ಸಲ ನೋಡಿಬಿಡೋಣ. ನೀವು ಪೆಡಲ್ ಒತ್ತುತ್ತೀರಿ. ಅದರ ಹಿಂದೆ ದೊಡ್ಡ ಗುಂಡನೆಯ ಡಬ್ಬಿ ಇದೆಯಲ್ಲ, ಅದು ಬೂಸ್ಟರ್. ಎಂಜಿನ್‌ನಿಂದ ಬರುವ ವ್ಯಾಕ್ಯೂಮ್ ಬಳಸಿ ಅದು ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಆ ಬಲ ಮಾಸ್ಟರ್ ಸಿಲಿಂಡರಿನ ಪಿಸ್ಟನ್‌ಗಳನ್ನು ತಳ್ಳುತ್ತದೆ. ಅಲ್ಲಿಂದ ಬ್ರೇಕ್ ಆಯಿಲ್ ಪೈಪುಗಳ ಮೂಲಕ ಚಕ್ರಗಳಿಗೆ ಒತ್ತಡ ಒಯ್ಯುತ್ತದೆ. ಡಿಸ್ಕ್ ಇದ್ದರೆ ಕ್ಯಾಲಿಪರ್ ಪ್ಯಾಡ್‌ಗಳನ್ನು ಒತ್ತುತ್ತದೆ, ಡ್ರಮ್ ಇದ್ದರೆ ವೀಲ್ ಸಿಲಿಂಡರ್ ಶೂಗಳನ್ನು ಅಗಲಿಸುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಬೇರೆ ಬೇರೆ ಸರ್ಕ್ಯೂಟ್ ಇರುತ್ತವೆ. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು. ಒಂದು ಕೈಕೊಟ್ಟರೆ ಇನ್ನೊಂದು ಅರ್ಧಂಬರ್ಧವಾದರೂ ಗಾಡಿ ನಿಲ್ಲಿಸಲಿ ಅಂತ.

ಕಾರಿಗಿಂತ ಪಿಕಪ್ ಬೇರೆಯಾಗುವುದು ಹಿಂಭಾಗದಲ್ಲಿ. ಖಾಲಿ ಇದ್ದಾಗ ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆ. ಲೋಡ್ ಬಿದ್ದರೆ ಅದೇ ಚಕ್ರಗಳ ಮೇಲೆ ಗಾಡಿಯ ಬಹುಪಾಲು ಭಾರ. ಎರಡೂ ಸ್ಥಿತಿಗೆ ಒಂದೇ ಬ್ರೇಕ್ ಹೊಂದಿಕೊಳ್ಳಬೇಕು. ಅದಕ್ಕಾಗಿ ಇರುವ ಪಾರ್ಟ್‌ಗಳು ಕಾರುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಕಾರು ನೋಡಿ ಅಭ್ಯಾಸ ಆದವರ ಕಣ್ಣಿಗೆ ಅವು ತಪ್ಪಿಹೋಗುತ್ತವೆ.

ಪೆಡಲ್ ಕೆಳಗೆ ಹೋಗುವುದು

ಪೆಡಲ್ ಕೆಳಗೆ ಹೋಯಿತು ಅಂದರೆ ಸಾಲದು. ಹೇಗೆ ಹೋಯಿತು? ಒತ್ತಿ ಹಿಡಿದಿದ್ದಾಗ ನಿಧಾನವಾಗಿ ಇಳಿಯಿತೋ, ಒತ್ತಿದ ಕೂಡಲೇ ಕೆಳಗೆ ಹೋಯಿತೋ? ಎರಡನೇ ಸಲ ಒತ್ತಿದಾಗ ಮೇಲೆ ನಿಂತಿತೋ? ಮೆತ್ತಗಿತ್ತೋ, ಬರೀ ಕೆಳಗಿತ್ತೋ? ಇವು ಬೇರೆ ಬೇರೆ ರೋಗಗಳ ಲಕ್ಷಣ.

ಸಿಗ್ನಲ್‌ನಲ್ಲಿ ನಿಂತು ಪೆಡಲನ್ನು ಹಗುರಾಗಿ ಒತ್ತಿ ಹಿಡಿದಿದ್ದೀರಿ. ಅದು ಮೆಲ್ಲಮೆಲ್ಲನೆ ಕಾಲಿನ ಕೆಳಗೆ ಇಳಿಯುತ್ತಿದೆ. ಗಾಬರಿಯಾಗಿ ಜೋರಾಗಿ ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲೂ ಆಯಿಲ್ ಸೋರಿಲ್ಲ, ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿಯಲ್ಲಿ ಮಟ್ಟವೂ ಕಡಿಮೆಯಾಗಿಲ್ಲ. ಇದು ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಷರ್ ಸವೆದಿರುವ ಲಕ್ಷಣ. ಆಯಿಲ್ ಹೊರಗೆ ಬರುವುದಿಲ್ಲ. ವಾಷರಿನ ಅಂಚಿನಿಂದ ನುಸುಳಿ ಸಿಲಿಂಡರಿನ ಒಳಗೇ ಹಿಂದಕ್ಕೆ ಹೋಗುತ್ತದೆ. ಜೋರಾಗಿ ಒತ್ತಿದಾಗ ಒತ್ತಡವೇ ವಾಷರಿನ ಅಂಚನ್ನು ಗೋಡೆಗೆ ಅದುಮುತ್ತದೆ, ಸೋರಿಕೆ ನಿಲ್ಲುತ್ತದೆ. ಮೆಲ್ಲಗೆ ಒತ್ತಿದಾಗ ಅಷ್ಟು ಒತ್ತಡ ಇರುವುದಿಲ್ಲ, ಅಂಚು ಸಡಿಲವಾಗೇ ಇರುತ್ತದೆ. ಗ್ಯಾರೇಜಿನಲ್ಲಿ ಎಲ್ಲರೂ ಪರೀಕ್ಷೆ ಮಾಡುವಾಗ ಒದ್ದು ಒತ್ತುತ್ತಾರೆ. ಆಗ ದೋಷ ಕಾಣದೇ ಇರುವುದು ಸಹಜ ಅಲ್ವಾ? ಎಂಜಿನ್ ಚಾಲೂ ಇಟ್ಟು, ಹಗುರಾಗಿ ಒತ್ತಿ, ಒಂದು ನಿಮಿಷ ಹಾಗೇ ಹಿಡಿದು ನೋಡಬೇಕು.

ಮಾಸ್ಟರ್ ಸಿಲಿಂಡರ್ ಹೊರಗೆ ಸೋರಿದರೂ ಕೆಲವು ಸಲ ಕಾಣುವುದಿಲ್ಲ. ಅದರ ಹಿಂಬದಿ ಬೂಸ್ಟರಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಸೋರಿದ ಆಯಿಲ್ ನೆಲಕ್ಕೆ ಬೀಳದೆ ಬೂಸ್ಟರಿನೊಳಗೆ ಸೇರುತ್ತದೆ. ಫೋರ್ಡ್ ಕಂಪನಿ 2016ರಲ್ಲಿ 2013 ಮತ್ತು 2014ರ ಮಾದರಿಯ ಸುಮಾರು 2 ಲಕ್ಷ 70 ಸಾವಿರ ಎಫ್-150 ಪಿಕಪ್‌ಗಳನ್ನು ವಾಪಸ್ ಕರೆದದ್ದು ಇದೇ ಕಾರಣಕ್ಕೆ. ಆಯಿಲ್ ಬೂಸ್ಟರಿನೊಳಗೆ ಸೋರಿ ಮುಂದಿನ ಚಕ್ರಗಳ ಬ್ರೇಕ್ ಹೋಗುವ ಸಾಧ್ಯತೆ ಇತ್ತು. ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನಾಲ್ಕೂ ಚಕ್ರ ಒಣಗಿವೆ ಅನ್ನುವಂತಿದ್ದರೆ ಮಾಸ್ಟರ್ ಸಿಲಿಂಡರಿನ ನಟ್ ಬಿಚ್ಚಿ, ಸ್ವಲ್ಪ ಮುಂದಕ್ಕೆ ಎಳೆದು, ಹಿಂದೆ ಒದ್ದೆ ಇದೆಯಾ ನೋಡಿ. ವಾಪಸ್ ಕರೆದ ಗಾಡಿಗಳಲ್ಲಿ ನಿಮ್ಮದೂ ಇದೆಯಾ ಅನ್ನುವುದನ್ನು ಚಾಸಿಸ್ ನಂಬರ್ ಕೊಟ್ಟು ಕಂಪನಿಯಲ್ಲಿ ವಿಚಾರಿಸಬಹುದು. ಬಿಚ್ಚುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.

ಇನ್ನೊಂದು ಬಗೆ. ಹಳ್ಳ ದಿಣ್ಣೆಯ ರಸ್ತೆಯಲ್ಲಿ ಬಂದಿರುತ್ತೀರಿ, ಅಥವಾ ಒಂದು ಚೂಪಾದ ತಿರುವು ದಾಟಿರುತ್ತೀರಿ. ಆಮೇಲೆ ಬರುವ ಮೊದಲ ಬ್ರೇಕ್‌ಗೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಎರಡನೇ ಸಲಕ್ಕೆ ಎಂದಿನಂತೆ. ಸಮತಟ್ಟಾದ ರಸ್ತೆಯಲ್ಲಿ ಎಷ್ಟು ಓಡಿಸಿದರೂ ಹೀಗಾಗುವುದಿಲ್ಲ. ಇಲ್ಲಿ ಅನುಮಾನ ಪಡಬೇಕಾದ್ದು ಮುಂದಿನ ಚಕ್ರದ ಬೇರಿಂಗ್ ಮೇಲೆ. ಬೇರಿಂಗ್ ಸಡಿಲವಾದರೆ ಕುಲುಕಿದಾಗ ಡಿಸ್ಕ್ ಅತ್ತಿತ್ತ ವಾಲಾಡುತ್ತದೆ. ವಾಲಿದ ಡಿಸ್ಕ್ ಪ್ಯಾಡನ್ನೂ ಪಿಸ್ಟನ್ನನ್ನೂ ಕ್ಯಾಲಿಪರಿನೊಳಕ್ಕೆ ಹಿಂದೆ ತಳ್ಳುತ್ತದೆ. ಮುಂದಿನ ಸಲ ಒತ್ತಿದಾಗ ಆಯಿಲ್ ಮೊದಲು ಆ ಅಂತರ ತುಂಬಬೇಕು, ಆಮೇಲೆ ಹಿಡಿಯಬೇಕು. ಈ ದೋಷಕ್ಕೆ ಬ್ರೇಕ್‌ನ ಎಷ್ಟು ಪಾರ್ಟ್ಸ್ ಬದಲಿಸಿದರೂ ಪ್ರಯೋಜನ ಇಲ್ಲ, ಯಾಕೆಂದರೆ ದೋಷ ಬ್ರೇಕ್‌ನಲ್ಲಿ ಇಲ್ಲ. ಚಕ್ರವನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿ. ಆಟ ಇದ್ದರೆ ಕೈಗೆ ಗೊತ್ತಾಗುತ್ತದೆ. ಡಿಸ್ಕ್ ವಾರೆಯಾಗಿದ್ದರೂ ಇದೇ ತರಹ ಆಗುತ್ತದೆ, ಆದರೆ ಆಗ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಮಿಡಿಯುವುದೂ ಇರುತ್ತದೆ.

ಹಿಂದಿನ ಡ್ರಮ್‌ಗಳಲ್ಲಿ ಶೂ ಮತ್ತು ಡ್ರಮ್ ನಡುವೆ ಅಂತರ ಜಾಸ್ತಿಯಾದರೂ ಮೊದಲ ಒತ್ತು ಕೆಳಗೆ, ಎರಡನೇ ಒತ್ತು ಮೇಲೆ. ಇದು ನಿಜಕ್ಕೂ ಬಂದು ಹೋಗುವ ದೋಷವಲ್ಲ, ಯಾವಾಗಲೂ ಇರುವಂಥದ್ದು. ಊರೊಳಗೆ ಮೇಲಿಂದ ಮೇಲೆ ಬ್ರೇಕ್ ಒತ್ತುತ್ತಿರುವಾಗ ಗಮನಕ್ಕೆ ಬರುವುದಿಲ್ಲ, ಹೆದ್ದಾರಿಯಲ್ಲಿ ಬಹಳ ಹೊತ್ತಿನ ನಂತರ ಒತ್ತಿದಾಗ ಗಾಬರಿ ಹುಟ್ಟಿಸುತ್ತದೆ, ಅಷ್ಟೇ. ಶೂ ಸವೆದಂತೆ ಅಂತರ ಸರಿಮಾಡುವ ಅಡ್ಜಸ್ಟರ್ ಒಂದು ಒಳಗೇ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದು ಹಿಂದಕ್ಕೆ ಹೋಗುವಾಗ ಬ್ರೇಕ್ ಒತ್ತಿದರೆ ಕೆಲಸ ಮಾಡುತ್ತದೆ, ಕೆಲವುಗಳಲ್ಲಿ ಹ್ಯಾಂಡ್ ಬ್ರೇಕ್ ಎಳೆದಾಗ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಯಾವಾಗಲೂ ಇಲ್ಲ. ಹ್ಯಾಂಡ್ ಬ್ರೇಕ್ ಕೂಡ ತೀರಾ ಮೇಲಕ್ಕೆ ಬರುತ್ತಿದ್ದರೆ ಇದೇ ಅಂತ ತಿಳಿಯಿರಿ. ಪೈಪಿನಲ್ಲಿ ಏರ್ ಇದ್ದರೂ ಹೀಗೇ ಆಗುತ್ತದೆ, ಆದರೆ ಏರ್ ಇದ್ದಾಗ ಪೆಡಲ್ ಸ್ಪಂಜಿನಂತೆ ಮೆತ್ತಗಿರುತ್ತದೆ.

ಇನ್ನು ಬಿಸಿಯ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದು ಪೂರ್ತಿ ಮಾಯವಾಗುವ ದೋಷ. ಮಾಮೂಲಿ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ನೀರು ಸೇರಿದ ಆಯಿಲ್‌ಗೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಮಾನದಂಡದಲ್ಲಿ "ನೀರು ಸೇರಿದ" ಅಂದರೆ ಸುಮಾರು ನೂರಕ್ಕೆ 3.7ರಷ್ಟು ನೀರು. ಅಷ್ಟೇ ಅಷ್ಟು ನೀರಿಗೆ ಎಷ್ಟು ಡಿಗ್ರಿ ಇಳಿಯಿತು ನೋಡಿ. ಲೋಡ್ ಇದ್ದ ಪಿಕಪ್ ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಇಳಿದರೆ ಕ್ಯಾಲಿಪರಿನೊಳಗಿನ ಆಯಿಲ್ ಕುದಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳು. ಆಯಿಲನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ನೀವು ಒತ್ತಿದ್ದೆಲ್ಲ ಗುಳ್ಳೆ ಅದುಮುವುದಕ್ಕೇ ಖರ್ಚಾಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಆವಿ ತಣಿದು ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಗ್ಯಾರೇಜ್ ತಲುಪುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಇರುತ್ತದೆ.

ಬಿಸಿಯಿಂದ ಆಗುವ ಇನ್ನೊಂದು ತೊಂದರೆಯನ್ನು ಇದರ ಜೊತೆ ಬೆರೆಸಬಾರದು. ಪ್ಯಾಡ್ ಮತ್ತು ಶೂ ಅತಿಯಾಗಿ ಕಾದರೆ ಅವುಗಳ ಹಿಡಿತವೇ ಕಡಿಮೆಯಾಗುತ್ತದೆ. ಆಗ ಪೆಡಲ್ ಗಟ್ಟಿಯಾಗೇ ಇರುತ್ತದೆ, ಮೇಲೇ ಇರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಸುಟ್ಟ ವಾಸನೆಯೂ ಬರುತ್ತದೆ. ಪೆಡಲ್ ಕೆಳಗೆ ಹೋದರೆ ಆಯಿಲ್ ಕುದಿದಿದೆ, ಪೆಡಲ್ ಮೇಲೇ ಇದ್ದು ಹಿಡಿಯದಿದ್ದರೆ ಲೈನಿಂಗ್, ಅಂದರೆ ಪ್ಯಾಡ್ ಮತ್ತು ಶೂಗಳ ಉಜ್ಜುವ ಪದರ, ಕಾದಿದೆ. ಮೊದಲನೆಯದಕ್ಕೆ ಆಯಿಲ್ ಪೂರ್ತಿ ಬದಲಿಸಬೇಕು, ಬರೀ ಮೇಲೆ ತುಂಬಿಸುವುದಲ್ಲ. ಎರಡಕ್ಕೂ ಬೇಕಾದ ಇನ್ನೊಂದು ಮದ್ದು, ಇಳಿಜಾರಿನಲ್ಲಿ ಸಣ್ಣ ಗೇರ್ ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಯುವುದು.

ಪೆಡಲ್ ಕಲ್ಲಿನಂತೆ ಗಟ್ಟಿಯಾಗುವುದು

ಇದು ಮೇಲಿನದಕ್ಕೆ ಪೂರ್ತಿ ಉಲ್ಟಾ. ಪೆಡಲ್ ಕೆಳಗೆ ಹೋಗುವುದೇ ಇಲ್ಲ. ಎಷ್ಟು ಒತ್ತಿದರೂ ಗಾಡಿ ನಿಧಾನಕ್ಕೆ ನಿಲ್ಲುತ್ತದೆ. ಬ್ರೇಕ್ ಹೋಗಿಲ್ಲ, ಬೂಸ್ಟರಿನ ಸಹಾಯ ಸಿಗುತ್ತಿಲ್ಲ.

ಪರೀಕ್ಷೆ ಸುಲಭ, ಯಾರು ಬೇಕಾದರೂ ಮಾಡಬಹುದು. ಎಂಜಿನ್ ಆಫ್ ಮಾಡಿ. ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ ಬಿಡಿ. ಆಮೇಲೆ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಬೂಸ್ಟರಿನಲ್ಲೋ ವ್ಯಾಕ್ಯೂಮ್ ಬರುವ ದಾರಿಯಲ್ಲೋ ದೋಷ ಇದೆ. ಈ ಪರೀಕ್ಷೆಯನ್ನು ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಗಾಡಿ ಚೆನ್ನಾಗಿ ಓಡಿ ಬಂದ ಮೇಲೆ ಒಮ್ಮೆ ಮಾಡಿ. ಎರಡಕ್ಕೂ ಒಂದೇ ಉತ್ತರ ಬರದೆ ಇರಬಹುದು. ವ್ಯಾಕ್ಯೂಮ್ ಹೋಸ್ ತಣ್ಣಗಿದ್ದಾಗ ಗಟ್ಟಿಯಾಗಿದ್ದು, ಎಂಜಿನ್ ಬಿಸಿಗೆ ಮೆತ್ತಗಾಗಿ ಒಳಕ್ಕೆ ಕುಸಿದು ಮುಚ್ಚಿಕೊಳ್ಳುವುದುಂಟು. ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗೇ ಕಾಣುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನ ಹಾಗೆ ಗಾಳಿ ಒಳಗೆ ಎಳೆಯುವ ದಾರಿಯಿಂದ (ಇನ್‌ಟೇಕ್) ಸಾಕಷ್ಟು ವ್ಯಾಕ್ಯೂಮ್ ಸಿಗುವುದಿಲ್ಲ. ಅದಕ್ಕೇ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇರುತ್ತದೆ, ಕೆಲವುಗಳಲ್ಲಿ ಆಲ್ಟರ್ನೇಟರ್ ಹಿಂದೆಯೇ. ಪಂಪ್ ಸವೆದರೆ ದಾರಿಯಲ್ಲಿ ಓಡುವಾಗ ಏನೂ ತೊಂದರೆ ಇಲ್ಲ, ಯಾಕೆಂದರೆ ಬೂಸ್ಟರಿನಲ್ಲಿ ಒಂದೆರಡು ಒತ್ತಿಗೆ ಸಾಕಾಗುವಷ್ಟು ವ್ಯಾಕ್ಯೂಮ್ ಉಳಿದಿರುತ್ತದೆ. ಗಾಡಿ ರಿವರ್ಸ್ ಹಾಕಿ, ಮುಂದೆ ತಂದು, ಮತ್ತೆ ರಿವರ್ಸ್ ಹಾಕುವಾಗ ಮೂರನೆಯದೋ ನಾಲ್ಕನೆಯದೋ ಒತ್ತು ಇದ್ದಕ್ಕಿದ್ದಂತೆ ಗಟ್ಟಿ. ಕೆಲವು ಪೆಟ್ರೋಲ್ ಪಿಕಪ್‌ಗಳಲ್ಲೂ ಇಂಥ ಪಂಪ್ ಇದೆ. ಜನರಲ್ ಮೋಟರ್ಸ್ 2019ರಲ್ಲಿ ಅಮೆರಿಕದಲ್ಲಿ 2014ರಿಂದ 2018ರ ಮಾದರಿಯ 34 ಲಕ್ಷಕ್ಕೂ ಹೆಚ್ಚು ದೊಡ್ಡ ಪಿಕಪ್ ಮತ್ತು ಎಸ್‌ಯುವಿಗಳನ್ನು ವಾಪಸ್ ಕರೆಯಿತು. ಕಾಲ ಕಳೆದಂತೆ ಅವುಗಳ ವ್ಯಾಕ್ಯೂಮ್ ಪಂಪಿನ ಶಕ್ತಿ ಕುಂದುತ್ತಿತ್ತು, ಪೆಡಲ್ ಗಟ್ಟಿಯಾಗಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತಿತ್ತು. ಒಂದು ಪಾರ್ಟ್ ನಿಧಾನವಾಗಿ ಸೋಲುವಾಗ ದೋಷ ಹೀಗೇ ಬಂದು ಹೋಗುತ್ತದೆ.

ಲೋಡ್ ಹಾಕಿದಾಗ ಮಾತ್ರ

ಖಾಲಿ ಗಾಡಿ ಚೆನ್ನಾಗಿ ನಿಲ್ಲುತ್ತದೆ, ಲೋಡ್ ಹಾಕಿದರೆ ನಿಲ್ಲುವುದಿಲ್ಲ ಅಂದಾಗ "ಭಾರ ಜಾಸ್ತಿ, ಅದಕ್ಕೇ" ಅಂತ ಸುಮ್ಮನಾಗಿಬಿಡುತ್ತೇವೆ. ಭಾರ ಹೆಚ್ಚಿದರೆ ನಿಲ್ಲಲು ಹೆಚ್ಚು ದೂರ ಬೇಕು, ನಿಜ. ಆದರೆ ನಿನ್ನೆವರೆಗೆ ಇದೇ ಭಾರಕ್ಕೆ ನಿಲ್ಲುತ್ತಿದ್ದ ಗಾಡಿ ಇವತ್ತು ನಿಲ್ಲುತ್ತಿಲ್ಲ ಅಂದರೆ ಹಿಂದಿನ ಆಕ್ಸಲ್ ಕೆಳಗೆ ಹೋಗಿ ನೋಡಬೇಕು.

ಬಹಳಷ್ಟು ಪಿಕಪ್‌ಗಳಲ್ಲಿ ಚಾಸಿಸ್ ಮೇಲೆ ಒಂದು ವಾಲ್ವ್ ಇರುತ್ತದೆ. ಅದರಿಂದ ಒಂದು ರಾಡ್ ಅಥವಾ ಸ್ಪ್ರಿಂಗ್ ಆಕ್ಸಲ್‌ಗೆ ಸೇರಿರುತ್ತದೆ. ಲೋಡ್ ಬಿದ್ದಾಗ ಚಾಸಿಸ್ ಆಕ್ಸಲ್ ಹತ್ತಿರಕ್ಕೆ ಇಳಿಯುತ್ತದೆ, ರಾಡ್ ವಾಲ್ವನ್ನು ತೆರೆಯುತ್ತದೆ, ಹಿಂದಿನ ಬ್ರೇಕ್‌ಗೆ ಪೂರ್ತಿ ಒತ್ತಡ ಸಿಗುತ್ತದೆ. ಖಾಲಿ ಇದ್ದಾಗ ಚಾಸಿಸ್ ಮೇಲೆ ಇರುತ್ತದೆ, ವಾಲ್ವ್ ಹಿಂದಿನ ಒತ್ತಡ ತಗ್ಗಿಸುತ್ತದೆ. ಇಲ್ಲದಿದ್ದರೆ ಹಗುರಾದ ಹಿಂದಿನ ಚಕ್ರಗಳು ಲಾಕ್ ಆಗಿ ಗಾಡಿ ಅಡ್ಡಡ್ಡ ತಿರುಗಿಬಿಡುತ್ತದೆ. ಒಳ್ಳೆಯ ಏರ್ಪಾಡು. ಆದರೆ ಇದು ಇರುವ ಜಾಗ ಕೆಸರು, ಕಲ್ಲು, ನೀರು ಬಡಿಯುವ ಜಾಗ. ರಾಡ್ ಬಗ್ಗುತ್ತದೆ, ಕೀಲು ತುಕ್ಕು ಹಿಡಿಯುತ್ತದೆ. ಖಾಲಿ ಸ್ಥಿತಿಯಲ್ಲೇ ಕಚ್ಚಿಕೊಂಡರೆ ಎಷ್ಟು ಲೋಡ್ ಹಾಕಿದರೂ ವಾಲ್ವ್ ಪಾಲಿಗೆ ಗಾಡಿ ಖಾಲಿಯೇ.

ನನಗೆ ತುಂಬಾ ಕಳವಳ ಆಗುವುದು ಇನ್ನೊಂದು ವಿಷಯಕ್ಕೆ. ಹೆಚ್ಚು ಲೋಡ್ ಹೊರಲಿ ಅಂತ ಹಿಂದಿನ ಸ್ಪ್ರಿಂಗ್‌ಗೆ ಎಕ್ಸ್‌ಟ್ರಾ ಪಟ್ಟಿ ಹಾಕಿಸುತ್ತಾರೆ. ಪಟ್ಟಿ ಹಾಕಿದರೆ ಲೋಡ್ ಬಿದ್ದಾಗಲೂ ಚಾಸಿಸ್ ಅಷ್ಟು ಇಳಿಯುವುದಿಲ್ಲ. ವಾಲ್ವಿಗೆ ತಿಳಿಯುವುದು ಎತ್ತರ ಮಾತ್ರ, ಭಾರ ಅಲ್ಲ. ಹಾಗಾಗಿ ಲೋಡ್ ಹೆಚ್ಚಾದಾಗಲೇ ಹಿಂದಿನ ಬ್ರೇಕ್ ಕಡಿಮೆ. ಮುಂದಿನ ಬ್ರೇಕ್ ಎಲ್ಲಾ ಹೊರೆ ಹೊತ್ತು ಕಾಯುತ್ತದೆ, ಆಮೇಲೆ ಆಯಿಲ್ ಕುದಿಯುತ್ತದೆ. ಪಟ್ಟಿ ಹಾಕಿದವರಿಗೂ ಬ್ರೇಕ್ ನೋಡುವವರಿಗೂ ಮಾತುಕತೆಯೇ ಇರುವುದಿಲ್ಲ. ಸ್ಪ್ರಿಂಗ್ ಮುಟ್ಟಿದರೆ ಆ ವಾಲ್ವಿನ ಸೆಟ್ಟಿಂಗ್ ಕಂಪನಿ ಹೇಳಿದ ಅಳತೆಗೆ ಮತ್ತೆ ಮಾಡಿಸಲೇಬೇಕು. ಗಾಡಿಗೆ ನಿಗದಿಯಾದ ಭಾರವನ್ನು ಪಟ್ಟಿ ಹೆಚ್ಚಿಸುವುದಿಲ್ಲ ಅನ್ನುವುದೂ ನೆನಪಿರಲಿ.

ಒಂದು ಕಡೆಗೆ ಎಳೆಯುವುದು, ಬಿಟ್ಟರೂ ಬಿಡದಿರುವುದು

ಸ್ವಲ್ಪ ದೂರ ಓಡಿದ ಮೇಲೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಒಂದು ಚಕ್ರ ಕೈ ಸುಡುವಷ್ಟು ಬಿಸಿ. ನಿಲ್ಲಿಸಿ ಬಿಟ್ಟರೆ ಮತ್ತೆ ಸರಿ. ಇದಕ್ಕೆ ಮೂರು ಕಾರಣ ಹೆಚ್ಚಾಗಿ ಸಿಗುತ್ತವೆ. ಕ್ಯಾಲಿಪರಿನ ಪಿನ್‌ಗಳು ಗ್ರೀಸ್ ಒಣಗಿ ಕಚ್ಚಿಕೊಂಡಿರುವುದು, ಪಿಸ್ಟನ್ ತುಕ್ಕು ಹಿಡಿದಿರುವುದು, ರಬ್ಬರ್ ಹೋಸ್ ಒಳಗೆ ಕಿತ್ತಿರುವುದು.

ಮೂರನೆಯದೇ ಮೋಸ ಮಾಡುವುದು. ಹೋಸಿನ ಒಳಗಿನ ಪದರ ಕಿತ್ತು ಒಂದು ಚೂರು ನೇತಾಡುತ್ತಿರುತ್ತದೆ. ಅದು ಬಾವಿ ಪಂಪಿನ ಫುಟ್‌ವಾಲ್ವಿನ ಹಾಗೆ ಒಂದೇ ದಿಕ್ಕಿಗೆ ದಾರಿ ಬಿಡುತ್ತದೆ. ಒತ್ತಿದಾಗ ಆಯಿಲ್ ಚಕ್ರಕ್ಕೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಚಕ್ರ ಹಿಡಿದುಕೊಂಡಿರುವಾಗಲೇ ಆ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಅಂತ ಅರ್ಥ. ಬಿಡದಿದ್ದರೆ ಪಿನ್ನೋ ಪಿಸ್ಟನ್ನೋ ಕಚ್ಚಿದೆ.

ಎರಡು ಮುಂದಿನ ಚಕ್ರಗಳೂ, ಅಥವಾ ನಾಲ್ಕೂ, ಓಡುತ್ತಾ ಓಡುತ್ತಾ ತಾವಾಗಿ ಹಿಡಿಯತೊಡಗಿದರೆ ಹೋಸ್ ಬಿಡಿ, ಮಾಸ್ಟರ್ ಸಿಲಿಂಡರ್ ನೋಡಿ. ಪೆಡಲ್ ಬಿಟ್ಟಾಗ ಆಯಿಲ್ ಡಬ್ಬಿಗೆ ಮರಳಲು ಅದರಲ್ಲೊಂದು ಸಣ್ಣ ತೂತು ಇದೆ. ಪೆಡಲ್ ರಾಡನ್ನು ಆಟವೇ ಇಲ್ಲದಂತೆ ಬಿಗಿಯಾಗಿ ಸೆಟ್ ಮಾಡಿದ್ದರೆ ಪಿಸ್ಟನ್ ಆ ತೂತನ್ನು ಮುಚ್ಚಿಯೇ ಇರುತ್ತದೆ. ಬಿಸಿಗೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲ, ಬ್ರೇಕ್ ತಾನಾಗಿ ಹಿಡಿಯುತ್ತದೆ. ಯಾರೋ ಗೊತ್ತಿಲ್ಲದೆ ಡಬ್ಬಿಗೆ ಎಂಜಿನ್ ಆಯಿಲ್ ಹಾಕಿದ್ದರೂ ರಬ್ಬರ್ ಊದಿ ಇದೇ ಆಗುತ್ತದೆ. ಡಬ್ಬಿಯ ಮುಚ್ಚಳದ ರಬ್ಬರ್ ಊದಿಕೊಂಡಿದ್ದರೆ ಆ ಅನುಮಾನ ಬಲವಾಗುತ್ತದೆ. ಆಗ ಬರೀ ಆಯಿಲ್ ಬದಲಿಸಿದರೆ ಸಾಲದು. ಎಲ್ಲಾ ರಬ್ಬರ್ ಭಾಗಗಳೂ ಹೊಸದಾಗಬೇಕು.

ಮಳೆಗಾಲದ ಬೆಳಿಗ್ಗೆ ಮೊದಲೆರಡು ಬ್ರೇಕ್ ಗಕ್ಕನೆ ಹಿಡಿದು ಆಮೇಲೆ ಸರಿಯಾಗುವುದು ದೋಷ ಅಲ್ಲ. ರಾತ್ರಿ ಕೂತ ತೆಳು ತುಕ್ಕು ಉಜ್ಜಿ ಹೋಗುವುದು ಅದು. ಮಳೆ ಇಲ್ಲದಿದ್ದರೂ ಹಿಂದಿನ ಒಂದೇ ಚಕ್ರ ಗಕ್ಕನೆ ಹಿಡಿಯುತ್ತಿದ್ದರೆ ಡ್ರಮ್ ಬಿಚ್ಚಿ. ಆಕ್ಸಲ್ ಸೀಲ್ ಸೋರಿ ಶೂ ಮೇಲೆ ಆಯಿಲ್ ಬಿದ್ದಿರಬಹುದು. ಆಯಿಲ್ ಕುಡಿದ ಶೂ ತೊಳೆದರೆ ಸರಿಹೋಗುವುದಿಲ್ಲ, ಎರಡೂ ಕಡೆ ಹೊಸದು ಹಾಕಬೇಕು. ಡ್ರಮ್‌ನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಅಪಾಯ.

ಎಬಿಎಸ್ ಸುಮ್ನೆ ಸುಮ್ನೆ ಕೆಲಸ ಮಾಡುವುದು

ಎಬಿಎಸ್ ಅಂದರೆ ಚಕ್ರ ಸುತ್ತುವುದು ನಿಂತು ಲಾಕ್ ಆಗದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಸುವ ಏರ್ಪಾಡು. ಒಣ ರಸ್ತೆ. ಮೆಲ್ಲಗೆ ನಿಲ್ಲಿಸುತ್ತಿದ್ದೀರಿ. ಇನ್ನೇನು ನಿಲ್ಲಬೇಕು, ಆಗ ಪೆಡಲ್ ಕಾಲಿನ ಕೆಳಗೆ ಗರಗರ ಅನ್ನುತ್ತದೆ, ಗಾಡಿ ನಿಲ್ಲದೆ ಒಂದು ಮಾರು ಮುಂದೆ ಜಾರುತ್ತದೆ. ಎಬಿಎಸ್ ಲೈಟ್ ಕೂಡ ಉರಿಯದಿರಬಹುದು. ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್‌ಗಳಿವೆ. ಹಳೆಯ ಬಗೆಯ ಸೆನ್ಸರ್‌ನಲ್ಲಿ ಚಕ್ರ ನಿಧಾನವಾದಷ್ಟೂ ಸಿಗ್ನಲ್ ಕ್ಷೀಣ. ಸೆನ್ಸರ್ ಕೆಳಗೆ ತುಕ್ಕು ಬೆಳೆದು ಅದನ್ನು ಸ್ವಲ್ಪ ಮೇಲೆತ್ತಿದರೆ, ನಿಲ್ಲುವ ಹೊತ್ತಿಗೆ ಸಿಗ್ನಲ್ ಪೂರ್ತಿ ಕೈಬಿಡುತ್ತದೆ. ಆ ಚಕ್ರ ಲಾಕ್ ಆಯಿತು ಅಂತ ಕಂಪ್ಯೂಟರ್ ತಿಳಿದು ಬ್ರೇಕ್ ಬಿಡಿಸುತ್ತದೆ. 2005ರಲ್ಲಿ ಜನರಲ್ ಮೋಟರ್ಸ್ 1999ರಿಂದ 2002ರ ಮಾದರಿಯ ಸುಮಾರು 8 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳನ್ನು ವಾಪಸ್ ಕರೆದದ್ದು ಇದೇ ತುಕ್ಕಿನ ಕಾರಣಕ್ಕೆ. ಅದೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಅಮೆರಿಕದ ರಾಜ್ಯಗಳಲ್ಲಿ.

ಪತ್ತೆ ಮಾಡಲು ಎಬಿಎಸ್ ಓದಬಲ್ಲ ಸ್ಕ್ಯಾನರ್ ಬೇಕು. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಇದಕ್ಕೆ ಆಗದು. ಒಬ್ಬರು ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಲಿ, ಇನ್ನೊಬ್ಬರು ಚಕ್ರಗಳ ವೇಗ ಒಟ್ಟಿಗೇ ನೋಡಲಿ. ಮೂರು ಚಕ್ರ ಗಂಟೆಗೆ 8 ಕಿ.ಮೀ. ತೋರಿಸುವಾಗ ಒಂದು ಸೊನ್ನೆಗೆ ಬಿದ್ದರೆ ಸಿಕ್ಕಿತು. ಎಬಿಎಸ್ ಫ್ಯೂಸ್ ತೆಗೆದು ಓಡಿಸುವುದು ಕೆಲವರ ಉಪಾಯ. ದೋಷ ಎಬಿಎಸ್‌ನದೇ ಹೌದಾ ಅಂತ ಖಾಲಿ ಜಾಗದಲ್ಲಿ ತಿಳಿಯಲು ಸರಿ, ರಸ್ತೆಗೆ ಹಾಗೇ ಹೋಗುವುದು ಸರಿಯಲ್ಲ.

ಡ್ಯಾಶ್‌ನ ಕೆಂಪು ಬ್ರೇಕ್ ಲೈಟ್ ತಿರುವಿನಲ್ಲಿ ಮಾತ್ರ ಮಿನುಗಿ ಆರುತ್ತಿದ್ದರೆ, ಬಹಳ ಸಲ ಡಬ್ಬಿಯಲ್ಲಿ ಆಯಿಲ್ ಮಟ್ಟ ಅಂಚಿಗೆ ಬಂದಿರುತ್ತದೆ. ಪ್ಯಾಡ್ ಸವೆದಂತೆ ಮಟ್ಟ ಇಳಿಯುವುದು ಸಹಜ. ತುಂಬಿಸುವ ಮೊದಲು ಪ್ಯಾಡ್ ನೋಡಿ, ಸೋರಿಕೆ ನೋಡಿ.

ಮೆಕ್ಯಾನಿಕ್‌ಗೆ ಏನು ಹೇಳಬೇಕು

"ಒಂದೊಂದ್ಸಲ ಬ್ರೇಕ್ ಹಿಡಿಯಲ್ಲ" ಅಂದರೆ ಯಾವ ಮೆಕ್ಯಾನಿಕ್ ಕೂಡ ಏನೂ ಮಾಡಲಾರರು. ಹೀಗೆ ಹೇಳಿ: ಎಷ್ಟು ದೂರ ಓಡಿತ್ತು, ಲೋಡ್ ಎಷ್ಟಿತ್ತು, ಇಳಿಜಾರೋ ಸಮತಟ್ಟೋ, ಮಳೆ ಇತ್ತಾ, ಅದಕ್ಕೂ ಮುಂಚಿನ ಬ್ರೇಕ್ ಯಾವಾಗ ಒತ್ತಿದ್ದು, ಪೆಡಲ್ ಏನು ಮಾಡಿತು, ಯಾವ ಲೈಟ್ ಉರಿಯಿತು, ವಾಸನೆ ಬಂತಾ. ಆದ ಕೂಡಲೇ ಬರೆದಿಡಿ ಅಥವಾ ಫೋನಿನಲ್ಲಿ ಮಾತಾಡಿ ಇಟ್ಟುಕೊಳ್ಳಿ. ಸಂಜೆಗೆ ನೆನಪು ಬೇರೆಯಾಗಿರುತ್ತದೆ. ಇಂಥ ದೋಷ ಎರಡನೇ ಸಲವೂ ಬರಲಿ ಅಂತ ರಸ್ತೆಯಲ್ಲಿ ಕಾಯಬಾರದು. ಹಿಂದೆ ಯಾವಾಗಲಾದರೂ ಪೆಡಲ್ ವಿಚಿತ್ರ ಅನ್ನಿಸಿತ್ತಾ ಅಂತ ಗಾಡಿ ಓಡಿಸುವ ಎಲ್ಲರನ್ನೂ ಕೇಳಿ.

ಇಷ್ಟಾದರೂ ಗೊತ್ತಾಗದಿದ್ದರೆ ಭಾಗ ಮಾಡಿ ನೋಡುವ ದಾರಿ ಇದೆ. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ, ಅದೇ ಅಳತೆಯ ಪ್ಲಗ್ ಹಾಕಿ ಬಿಗಿದು ಪೆಡಲ್ ಒತ್ತಿ. ಈಗ ಪೆಡಲ್ ಮೇಲೇ ಗಟ್ಟಿಯಾಗಿ ನಿಲ್ಲಬೇಕು. ಇಳಿದರೆ ದೋಷ ಮಾಸ್ಟರ್ ಸಿಲಿಂಡರಿನದ್ದೇ. ನಿಂತರೆ ಒಂದು ಸರ್ಕ್ಯೂಟ್ ಸೇರಿಸಿ ನೋಡಿ, ಆಮೇಲೆ ಇನ್ನೊಂದು. ಯಾವುದು ಸೇರಿಸಿದಾಗ ಪೆಡಲ್ ಕೆಟ್ಟಿತೋ ಆ ಕಡೆ ಹೋಗಿ. ಹೋಸ್‌ಗಳನ್ನು ಪ್ಲೈಯರ್‌ನಿಂದ ಅದುಮಿ ಪರೀಕ್ಷೆ ಮಾಡುವವರಿದ್ದಾರೆ, ಅದು ಬೇಡ. ಒಳಪದರ ಅದರಿಂದಲೇ ಕೀಳುತ್ತದೆ. ಹಳೆಯ ಮಾಸ್ಟರ್ ಸಿಲಿಂಡರ್ ಇರುವ ಗಾಡಿಯಲ್ಲಿ ಏರ್ ತೆಗೆಯುವಾಗ ಪೆಡಲನ್ನು ನೆಲದವರೆಗೆ ಒದೆಯಬಾರದು. ವಾಷರ್ ಎಂದೂ ಹೋಗದ, ತುಕ್ಕು ಹಿಡಿದ ಜಾಗಕ್ಕೆ ಹೋಗಿ ಹರಿಯುತ್ತದೆ. ನಿನ್ನೆ ಚೆನ್ನಾಗಿದ್ದ ಸಿಲಿಂಡರ್ ಇವತ್ತು ಕೆಡುವುದು ಹಾಗೆ.

ರಸ್ತೆಯಲ್ಲೇ ಆದರೆ

ಪೆಡಲ್ ಕೆಳಗೆ ಹೋದರೆ ಬೇಗ ಬೇಗ ಪಂಪ್ ಮಾಡಿ, ಒತ್ತಡ ಬರುವ ಸಾಧ್ಯತೆ ಇದೆ. ಜೊತೆಗೇ ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಪೆಡಲ್ ಗಟ್ಟಿಯಾದರೆ ಪಂಪ್ ಮಾಡಬೇಡಿ, ಉಳಿದ ವ್ಯಾಕ್ಯೂಮ್ ಕೂಡ ಖಾಲಿಯಾಗುತ್ತದೆ. ಇದ್ದ ಬಲವೆಲ್ಲ ಹಾಕಿ, ಬೇಕಾದರೆ ಎರಡೂ ಕಾಲಿನಿಂದ, ಒತ್ತಿ ಹಿಡಿಯಿರಿ. ಎಂಜಿನ್ ಆಫ್ ಮಾಡಬೇಡಿ. ಸ್ಟೀರಿಂಗ್ ಗಟ್ಟಿಯಾಗುತ್ತದೆ, ಕೀ ತಿರುಗಿಸಿ ತೆಗೆದರೆ ಲಾಕ್ ಕೂಡ ಆಗಬಹುದು.

ರಿಪೇರಿ ಆದ ಮೇಲೆ

ಪೈಪ್ ಬಿಚ್ಚಿದ್ದರೆ ಏರ್ ತೆಗೆಯಲೇಬೇಕು. ಎಬಿಎಸ್ ಇರುವ ಕೆಲವು ಗಾಡಿಗಳಲ್ಲಿ ಒಳಗಿನ ವಾಲ್ವ್‌ಗಳನ್ನು ಸ್ಕ್ಯಾನರ್‌ನಿಂದ ತೆರೆಸದಿದ್ದರೆ ಏರ್ ಅಲ್ಲೇ ಉಳಿಯುತ್ತದೆ. ಗಾಡಿ ತೆಗೆಯುವ ಮೊದಲು ನಿಂತಲ್ಲೇ ಪೆಡಲ್ ಪಂಪ್ ಮಾಡಿ ಮೇಲೆ ತಂದುಕೊಳ್ಳಿ. ಹೊಸ ಪ್ಯಾಡ್ ಹಾಕಿದಾಗ ಮೊದಲ ಒತ್ತು ಯಾವಾಗಲೂ ಕೆಳಗೆ ಹೋಗುತ್ತದೆ. ಆಮೇಲೆ ಖಾಲಿ ಜಾಗದಲ್ಲಿ, ಕಡಿಮೆ ವೇಗದಲ್ಲಿ ಪರೀಕ್ಷಿಸಿ. ಅದು ಸರಿ ಇದ್ದರೆ ದೋಷ ಬಂದಿದ್ದ ಸಂದರ್ಭವನ್ನೇ ಜೋಪಾನವಾಗಿ ಮತ್ತೆ ತರಬೇಕು. ಲೋಡ್ ಇದ್ದಾಗ ಬಂದಿದ್ದರೆ ಲೋಡ್ ಹಾಕಿ, ಬಿಸಿಯಾದಾಗ ಬಂದಿದ್ದರೆ ಬಿಸಿ ಮಾಡಿ, ಮೆಲ್ಲಗೆ ಒತ್ತಿದಾಗ ಬಂದಿದ್ದರೆ ಮೆಲ್ಲಗೇ ಒತ್ತಿ ಹಿಡಿದು ನೋಡಿ. ಓಡಿಸಿ ಬಂದ ಕೂಡಲೇ ದೂರದಿಂದ ತಾಪ ಅಳೆಯುವ ಥರ್ಮಾಮೀಟರ್ ಹಿಡಿದು ಎಡ ಬಲ ಚಕ್ರಗಳನ್ನು ಹೋಲಿಸಿ. ಒಂದೇ ಆಕ್ಸಲ್‌ನ ಎರಡು ಚಕ್ರಗಳಲ್ಲಿ ಒಂದು ತೀರಾ ಬಿಸಿ ಇದ್ದರೆ ಅದು ಬಿಡುತ್ತಿಲ್ಲ, ಒಂದು ತೀರಾ ತಣ್ಣಗಿದ್ದರೆ ಅದು ಹಿಡಿಯುತ್ತಲೇ ಇಲ್ಲ. ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆದು, ಒಂದು ವಾರ ಪ್ರತಿ ದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅದನ್ನು ನೋಡಿ.